ಸಾಕ್ಷಿಯಾಗಿ ಕುಳಿತ ನಮ್ಮ ಮೊದಲ ಬಾಬಿನ್

ಪರವಾನಗಿ ಅಧಿಕಾರಿಗಳಿಗೆ

ಮಾನ್ಯರೇ,

ವಿದ್ಯುತ್ತೇ ಇಲ್ಲದ ಯಂತ್ರವನ್ನು ಪರವಾನಗಿಯಿಲ್ಲದೆ ನಡೆಸಿದೆನೆಂಬ ಆಪಾದನೆಯ ಮೇಲೆ ತಾವು ಮರ ಕಡೆಯುವ ನನ್ನ ಲೇತಿಗೆ ಮೊಹರು ಹಾಕಿಸಿ ಇಂದಿಗೆ ಎಪ್ಪತ್ತೊಂದು ದಿನವಾಯಿತು. ಈ ಅವಧಿಯಲ್ಲಿ ತಮಗೆ ಮೂರು ಪತ್ರ ಬರೆದಿದ್ದೇನೆ. ಒಂದಕ್ಕೂ ಉತ್ತರ ಬಂದಿಲ್ಲ. ನಾಲ್ಕನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ತಮ್ಮ ಕಚೇರಿಗೆ ದಿನವೂ ಪತ್ರಿಕೆ ಬರುವುದನ್ನೂ, ಮಧ್ಯಾಹ್ನದವರೆಗೆ ಅದನ್ನು ಶ್ರದ್ಧೆಯಿಂದ ಓದುವುದನ್ನೂ ಅಲ್ಲಿನ ಬೆಂಚಿನ ಮೇಲೆ ಕುಳಿತು ನೋಡಿದ್ದೇನೆ.

ಹನ್ನೊಂದು ವರ್ಷ ನಾನು ಈ ಊರಿನ ಒಂದು ಹತ್ತಿ ಗಿರಣಿಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ನೂಲು ಸುತ್ತುವ ಮರದ ಬಾಬಿನ್‌ಗಳು ಮುಂಬಯಿಯಿಂದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಪೆಟ್ಟಿಗೆ ಬಿಚ್ಚುವುದು, ದಾರಿಯಲ್ಲಿ ಸೀಳಿದವನ್ನು ಬೇರೆ ಮಾಡುವುದು ನನ್ನ ಕೆಲಸ. ಒಂದು ದಿನ ಅಂಥ ಸೀಳಿದ ಬಾಬಿನ್ ಒಂದನ್ನು ಜೇಬಿಗೆ ಹಾಕಿಕೊಂಡು ಹರಿಹರಕ್ಕೆ ಹೋದೆ. ಅಲ್ಲಿ ಹಯಾತ್ ಸಾಬ್ ಎಂಬ ಹಿರಿಯರು ಮೂವತ್ತು ವರ್ಷದಿಂದ ಮಂಚದ ಕಾಲು, ತೊಟ್ಟಿಲ ಗುಂಡು ಕಡೆದುಕೊಡುತ್ತಿದ್ದರು. ಅವರು ಬಾಬಿನ್ನನ್ನು ತಿರುಗಿಸಿ ನೋಡಿ, "ಇದನ್ನ ಮುಂಬೈಯಿಂದ ತರಿಸ್ತಾರೇನ್ರಿ? ನಮ್ಮೂರಾಗೆ ಮರ ಇಲ್ವಾ, ಕೈ ಇಲ್ವಾ?" ಎಂದರು. ನನ್ನ ಉದ್ಯಮ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ. ನಾನು ನೌಕರಿ ಬಿಟ್ಟೆ. ಅವರು ಹರಿಹರದ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಹಳೆಯದೊಂದು ಲೇತು ಕೊಂಡು ದಾವಣಗೆರೆಯ ಹಳೆಯ ಗೋದಾಮಿನಲ್ಲಿ ನಿಲ್ಲಿಸಿದೆವು. ಸಣ್ಣ ಕೈಗಾರಿಕೆ ಸ್ಥಾಪಿಸಿ ಪಂಚವಾರ್ಷಿಕ ಯೋಜನೆಗೆ ನೆರವಾಗಿರೆಂದು ಕರೆಯುವ ಭಿತ್ತಿಪತ್ರ ತಮ್ಮ ಕಚೇರಿಯ ಗೋಡೆಯ ಮೇಲೆಯೇ ಇದೆಯಲ್ಲ, ಅದನ್ನು ನಂಬಿದ ಇಬ್ಬರು ನಾವೇ.

ಪರವಾನಗಿ ಬೇಕೆಂಬುದರಲ್ಲಿ ನನ್ನ ತಕರಾರಿಲ್ಲ. ಇದು ಹತ್ತಿಯ ಊರು. ಮರದ ಹೊಟ್ಟು ಬೀಳುವ ಕಡೆ ಒಂದು ಕಿಡಿ ಏನು ಮಾಡೀತೆಂದು ಉಗ್ರಾಣದಲ್ಲಿ ದುಡಿದವನಿಗೆ ಹೇಳಿಕೊಡಬೇಕಾಗಿಲ್ಲ. ಆಗಸ್ಟ್ ತಿಂಗಳಲ್ಲೇ ಅರ್ಜಿ ಹಾಕಿದೆ. ದಸರೆ ಬಂದರೂ ಅದು ಮೇಜಿನಿಂದ ಮೇಜಿಗೆ ಹೋಗಲಿಲ್ಲ. ಪರವಾನಗಿ ಬಂದಮೇಲೆ ಪೂಜೆ ಮಾಡೋಣವೆಂದರೆ ನನ್ನ ತಾಯಿ ಉಡಚಮ್ಮ ಒಪ್ಪಲಿಲ್ಲ. "ಅರ್ಜಿ ಹಾಕೀಯಲ್ಲ, ಅದು ಬಂದಾಗ ಬರ್ಲಿ ಬಿಡು. ದಸಮಿ ನಿಮ್ಮ ಆಫೀಸಿಗೆ ಕಾಯಂಗಿಲ್ಲ" ಎಂದರು. ವಿಜಯದಶಮಿಯ ದಿನ ಹೊಸದಾಗಿ ಬಂದ ಯಂತ್ರಕ್ಕೆ ಪೂಜೆಯಾಗದೆ ಉಳಿದ ಒಂದು ಅಂಗಡಿಯನ್ನು ಈ ಊರಿನಲ್ಲಿ ತಾವು ತೋರಿಸಬಲ್ಲಿರಾ? ತಮ್ಮ ಕಚೇರಿಯ ಬೀರುವಿಗೂ ಆ ದಿನ ಚೆಂಡುಹೂವಿನ ಹಾರ ಇತ್ತು.

ನನ್ನ ತಪ್ಪೆಂದರೆ ಆಮಂತ್ರಣವನ್ನು ತಮ್ಮ ಕಚೇರಿಗೂ ಕೊಟ್ಟದ್ದು. ಅರ್ಜಿ ಕೊಟ್ಟ ಕಡೆಯವರನ್ನು ಕರೆಯದಿದ್ದರೆ ಮರ್ಯಾದೆಯಲ್ಲವೆಂದು ಭಾವಿಸಿದೆ. ತಮ್ಮ ತಪಾಸಣಾಧಿಕಾರಿಗಳು ಬಂದರು. ಬರಬೇಕೆಂದೇ ಕರೆದಿದ್ದೆ, ಸಂತೋಷವಾಯಿತು. ಮಂಗಳಾರತಿಯಾದ ಮೇಲೆ ಹಯಾತ್ ಸಾಬರು ತಡೆಯಲಾರದೆ ಹೇಳಿದರು: "ಮಾಲ್ತೇಶಪ್ನೋರೆ, ಒಂದಾದ್ರೂ ಕಡದು ನೋಡಾಣ್ರಿ. ಉಳಿಗೆ ಕುಂಕುಮ ಹಚ್ಚಿ ಸುಮ್ನೆ ಇಟ್ರೆ ಹೆಂಗೆ?" ವಿದ್ಯುತ್ತಿರಲಿಲ್ಲ. ಲೇತನ್ನು ತಿರುಗಿಸುವ ಪಟ್ಟಿಯ ದೊಡ್ಡ ಗಾಲಿಯನ್ನು ನಾನೇ ಕೈಯಿಂದ ತಿರುಗಿಸಿದೆ. ನನ್ನ ತೋಳು ಸೋಲುವ ಹೊತ್ತಿಗೆ ಅವರು ಒಂದು ಬಾಬಿನ್ ಕಡೆದು ಮುಗಿಸಿದ್ದರು. ಮೊದಲ ವಸ್ತುವನ್ನು ಬಂದ ಅತಿಥಿಗೆ ಕೊಡುವುದು ಅವರು ಕಲಿತ ಮನೆಯ ಪದ್ಧತಿ. ಎಲೆ ಅಡಿಕೆಯೊಂದಿಗೆ ಅದನ್ನು ತಮ್ಮ ಅಧಿಕಾರಿಗಳ ಕೈಯಲ್ಲಿಟ್ಟರು. ಅವರು ಬೆರಳಾಡಿಸಿ, "ಭಾಳ ನುಣುಪು ಐತ್ರಿ ಸಾಬ್ರೆ" ಎಂದರು. ಮಂಡಕ್ಕಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಮೆಣಸಿನಕಾಯಿ ಖಾರವಾಗಿದೆಯೆಂದು ನಕ್ಕರು.

ಅದು ಶುಕ್ರವಾರ. ಸೋಮವಾರ ಅದೇ ಮಹನೀಯರು ಜವಾನನೊಂದಿಗೆ ಬಂದು, ಯಂತ್ರಕ್ಕೆ ಹಗ್ಗ ಸುತ್ತಿಸಿ, ಅರಗಿನ ಮೊಹರು ಒತ್ತಿದರು. ವರದಿಯ ಪ್ರತಿ ನನ್ನಲ್ಲಿದೆ: "ತಯಾರಿಕೆ ಆರಂಭವಾಗಿದೆ. ತಯಾರಾದ ವಸ್ತು: ಒಂದು. ಸಾಕ್ಷಿಗಾಗಿ ವಶಪಡಿಸಿಕೊಳ್ಳಲಾಗಿದೆ." ಕೈಯಾರೆ ಕೊಟ್ಟದ್ದು ವಶಪಡಿಸಿಕೊಂಡದ್ದಾದುದು ಶನಿವಾರವೋ ಭಾನುವಾರವೋ ನನಗೆ ತಿಳಿಯದು. ಮಂಡಕ್ಕಿಯ ಉಲ್ಲೇಖ ವರದಿಯಲ್ಲಿಲ್ಲ.

ಅಂದಿನಿಂದ ನಡೆದದ್ದನ್ನು ಸುಮ್ಮನೆ ಹೇಳಿಬಿಡುತ್ತೇನೆ, ಕೋಪಕ್ಕೆ ಈಗ ತ್ರಾಣವಿಲ್ಲ. ಪರವಾನಗಿ ತೋರಿಸದೆ ತಂತಿ ಎಳೆಯುವುದಿಲ್ಲವೆಂದು ವಿದ್ಯುತ್ ಕಚೇರಿ ಹೇಳಿತು. ಯಂತ್ರ ತಿರುಗುವಾಗ ಅದರ ಸದ್ದನ್ನೂ ಕಂಪನವನ್ನೂ ಪರೀಕ್ಷಿಸದೆ ಪರವಾನಗಿ ಕೊಡುವುದಿಲ್ಲವೆಂದು ತಾವು ಹೇಳಿದಿರಿ. ಮೊಹರು ಇರುವಾಗ ತಿರುಗಿಸುವುದು ಹೇಗೆಂದು ಕೇಳಿದೆ. ತಿರುಗಿಸಿದರೆ ಅದು ಎರಡನೆಯ ಅಪರಾಧವೆಂದು ಎಚ್ಚರಿಸಿದಿರಿ. ದೂರದ ದೇಶಗಳ ಕಾದಂಬರಿಗಳ ಅನುವಾದಗಳನ್ನು ಓದುವ ಅಭ್ಯಾಸ ನನಗಿದೆ. ಅವುಗಳಲ್ಲಿ ಬರುವ ಕಚೇರಿಗಳನ್ನು ಆ ಲೇಖಕರು ಹೆಚ್ಚು ಮಾಡಿ ಬರೆದಿದ್ದಾರೆಂದುಕೊಂಡಿದ್ದೆ. ಅವರ ಕ್ಷಮೆ ಕೋರುತ್ತೇನೆ. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ತಮ್ಮವರು ಯಾರೂ ನನ್ನಲ್ಲಿ ಲಂಚ ಕೇಳಿಲ್ಲ. ಕೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಜೊತೆಗೆ ದಾರಿಯೊಂದು ಇದೆಯೆಂದಾದರೂ ತಿಳಿಯುತ್ತಿತ್ತು.

ಇನ್ನು ಅವಸರದ ವಿಷಯ. ನಾನಿದ್ದ ಗಿರಣಿಯೇ ಮುಂದಿನ ವರ್ಷದ ಬಾಬಿನ್‌ಗಳನ್ನು ನಮ್ಮಿಂದ ಕೊಳ್ಳಲು ಸಿದ್ಧವಿದೆ. ಆದರೆ ಈ ತಿಂಗಳ ಮೂವತ್ತೊಂದರೊಳಗೆ ಒಂದು ಮಾದರಿಯನ್ನು ಒಪ್ಪಿಸಬೇಕು. ತಪ್ಪಿದರೆ ಆರ್ಡರು ಎಂದಿನಂತೆ ಮುಂಬಯಿಗೆ ಹೋಗುತ್ತದೆ. ಹಯಾತ್ ಸಾಬರು ಈಗಲೂ ದಿನ ಬೆಳಗಿನ ಬಸ್ಸಿಗೆ ಹರಿಹರದಿಂದ ಬರುತ್ತಾರೆ. ಮೊಹರಿನ ಪಕ್ಕ ಕುಳಿತು ಉಳಿ ಮಸೆಯುತ್ತಾರೆ, ಸಂಜೆ ಹಿಂದಿರುಗುತ್ತಾರೆ. ಮೊನ್ನೆ ಹೇಳಿದರು: "ಮಸದು ಮಸದು ಉಳಿ ಅರ್ಧ ಆಗೈತ್ರಿ. ನಮ್ಮೂರ ಹೊಸ ಫ್ಯಾಕ್ಟರಿಯಾಗೆ ಪೆಟ್ಟಿಗೆಗೆ ಮೊಳೆ ಹೊಡಿಯೋ ಕೆಲ್ಸ ಐತಂತೆ. ಒಂದನೇ ತಾರೀಕಿನ ತನಕ ಕಾಯ್ತೀನಿ. ಆಮ್ಯಾಲೆ ಬ್ಯಾಸರ ಮಾಡ್ಕಬ್ಯಾಡ್ರಿ." ಅಂಥ ಕೈ ಮೊಳೆ ಹೊಡೆಯಲು ಹೋದರೆ ನನ್ನ ಲೇತಿನ ಮೊಹರು ತೆಗೆದರೂ ಒಂದೇ, ಬಿಟ್ಟರೂ ಒಂದೇ.

ಮಾದರಿ ಎಲ್ಲಿಂದ ತರಲಿ? ನಾವು ತಯಾರಿಸಿದ ಬಾಬಿನ್ ಒಂದೇ. ಅದು ತಮ್ಮಲ್ಲಿದೆ. ಕಳೆದ ಗುರುವಾರ ಅದನ್ನು ಕೇಳಲು ಬಂದೆ. ತಮ್ಮ ಗುಮಾಸ್ತರ ಮೇಜಿನ ಮೇಲಿತ್ತು. ಫೈಲು ಕಟ್ಟುವ ದಾರವನ್ನೆಲ್ಲ ಅವರು ಅದಕ್ಕೆ ಸುತ್ತಿಟ್ಟಿದ್ದರು. ನಾನು ಕೈ ಚಾಚಿದಾಗ, "ಮುಟ್ಟಬ್ಯಾಡ್ರಿ, ಸಾಕ್ಷಿ ಐತೆ ಅದು" ಎಂದರು.

"ತಾವು ದಾರ ಸುತ್ತಿದ್ದೀರಲ್ಲ?"

"ಅದು ಆಫೀಸಿನ ದಾರ್ರಿ" ಎಂದು, ಬೇಕಾದಷ್ಟು ಎಳೆದು ಕತ್ತರಿಸಿ, ಬಾಬಿನ್ನನ್ನು ಪಕ್ಕಕ್ಕಿಟ್ಟರು. ದಾರ ಎಲ್ಲಿಯೂ ತಡೆಯದೆ, ಸಿಕ್ಕಾಗದೆ ಬಂತು. ಹನ್ನೊಂದು ವರ್ಷ ಬಾಬಿನ್ ಪರೀಕ್ಷಿಸಿದವನು ನಾನು.

ಆದುದರಿಂದ ನನ್ನ ಕೋರಿಕೆ ಇಷ್ಟು. ಮೂವತ್ತೊಂದರೊಳಗೆ ಮೊಹರು ತೆಗೆಸಿ, ಹಯಾತ್ ಸಾಬರು ಇನ್ನೊಂದನ್ನು ಕಡೆಯಲಿ. ನಿಯಮ ಅದಕ್ಕೆ ಅವಕಾಶ ಕೊಡದಿದ್ದರೆ ಆ ಬಾಬಿನ್ನನ್ನು ಒಂದು ದಿನದ ಮಟ್ಟಿಗೆ ಗಿರಣಿಗೆ ಕಳಿಸಿಕೊಡಿ. ತಮ್ಮ ಜವಾನನೇ ಕೈಯಲ್ಲಿ ಹಿಡಿದು ತರಲಿ, ನಾನು ಮುಟ್ಟುವುದಿಲ್ಲ. ಅದೂ ಆಗದಿದ್ದರೆ, ಎರಡು ತಿಂಗಳಿಂದ ತಮ್ಮ ಕಚೇರಿ ಇದನ್ನು ದಿನವೂ ಬಳಸುತ್ತಿದೆ, ಒಮ್ಮೆಯೂ ದಾರ ಸಿಕ್ಕಾಗಿಲ್ಲ ಎಂದು ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ಗಿರಣಿಯವರಿಗೆ ಅಷ್ಟು ಸಾಕು. ಅಂಥ ಪತ್ರ ಮುಂಬಯಿಯ ಬಾಬಿನ್‌ಗೂ ಇಲ್ಲ.

ಇಂತಿ,
ಇದುವರೆಗೆ ಒಂದೇ ಬಾಬಿನ್ ತಯಾರಿಸಿ, ಅದನ್ನೂ ತಮಗೇ ಒಪ್ಪಿಸಿರುವ ಕಾರ್ಖಾನೆಯ ಮಾಲೀಕ,
ಮಾಲತೇಶಪ್ಪ

ದಾವಣಗೆರೆ, 13–12–1960