ನನ್ನ ಲಾರಿ ಹತ್ತದ ಗನ್ನರ್

ಲಿಂಕನ್‌ಶೈರ್
ಭಾನುವಾರ, ೧೯ ಮಾರ್ಚ್ ೧೯೪೪

ಅಮ್ಮಾ,

ನಿನ್ನ ಎನಿಡ್ ಚೆನ್ನಾಗಿದ್ದಾಳೆ, ಹೊಟ್ಟೆ ತುಂಬ ತಿನ್ನುತ್ತಿದ್ದಾಳೆ, ಕೆಲಸ ಬಿಟ್ಟು ಮನೆಗೆ ಬರುವುದಿಲ್ಲ. ನೀನು ಕೇಳಿದ ಮೂರಕ್ಕೂ ಉತ್ತರ ಕೊಟ್ಟಾಯಿತು. ಇನ್ನು ನಿಧಾನವಾಗಿ ಬರೆಯುತ್ತೇನೆ. ನಮ್ಮ ಕೋಣೆಯ ಮೇವಿಸ್ ರಜೆಯ ಮೇಲೆ ನಮ್ಮೂರು ಹಲ್‌ಗೆ ಬರುತ್ತಿದ್ದಾಳೆ. ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿರುವುದರಿಂದ ಸೆನ್ಸಾರಿನವರ ಕತ್ತರಿಗೆ ಹೆದರಬೇಕಿಲ್ಲ. ಓದಿದ ಮೇಲೆ ಒಲೆಗೆ ಹಾಕಿಬಿಡು.

ನೀನು ಅಂದುಕೊಂಡಂತೆ ನಾನು ಅಧಿಕಾರಿಗಳ ಕಾರು ಓಡಿಸುತ್ತಿಲ್ಲ. ಸಂಜೆ ಬಾಂಬರ್‌ಗಳು ಜರ್ಮನಿಗೆ ಹೊರಡುವ ಮೊದಲು ಒಂದೊಂದು ವಿಮಾನದ ಏಳೇಳು ಜನರನ್ನು ಲಾರಿಯಲ್ಲಿ ಕೂರಿಸಿಕೊಂಡು, ಮೈದಾನದ ಆ ತುದಿಯಲ್ಲಿ ನಿಂತಿರುವ ಅವರವರ ಲ್ಯಾಂಕಾಸ್ಟರ್ ಬಾಂಬರ್ ಬಳಿ ಇಳಿಸುತ್ತೇನೆ. ವಾಪಸ್ ಬಂದವರನ್ನು ಕರೆತರುತ್ತೇನೆ. ಮೂವತ್ತು ಸಲ ಹೋಗಿ ಬಂದವನಿಗೆ ಬಿಡುಗಡೆ. ಎಷ್ಟು ಜನ ಮೂವತ್ತು ಮುಟ್ಟುತ್ತಾರೆ ಎಂದು ಮಾತ್ರ ಕೇಳಬೇಡ.

ಮುಚ್ಚಿಟ್ಟ ಸಂಗತಿ ಇನ್ನೊಂದಿದೆ. ನನ್ನ ಜೊತೆ ಓಡಾಡುತ್ತಿದ್ದ ಸಿರಿಲ್ ಅಕ್ಟೋಬರಿನಲ್ಲಿ ಹೋದವನು ತಿರುಗಿ ಬರಲಿಲ್ಲವೆಂದು ಬರೆದಿದ್ದೆ. ಅವನಾದ ಮೇಲೆ ಡೆಸ್ಮಂಡ್ ಎಂಬವನಿದ್ದ. ಜನವರಿಯಲ್ಲಿ ಅವನೂ ಹೋದ. ಅತ್ತು ಮುಗಿಸಿ, ಮುಖ ತೊಳೆದುಕೊಂಡು ಕೆಲಸಕ್ಕೆ ಹೋದೆ. ಎನಿಡ್ ಜೊತೆ ಓಡಾಡಿದವನು ಉಳಿಯುವುದಿಲ್ಲ ಎಂದು ಇಲ್ಲಿನ ಗಂಡಸರು ತೀರ್ಮಾನಿಸಿಬಿಟ್ಟರು. ನನ್ನಂಥವರಿಗೆ ಬಾಂಬರ್ ನೆಲೆಗಳಲ್ಲಿ ಒಂದು ಹೆಸರೇ ಇದೆ, ಕೊಡಲಿ ಹುಡುಗಿ ಎಂದು. ಕ್ಯಾಂಟೀನಿನಲ್ಲಿ ನನ್ನ ಮೇಜಿನ ಹತ್ತಿರ ಒಬ್ಬನೂ ಸುಳಿಯುತ್ತಿರಲಿಲ್ಲ. ಮೊಣಕೈ ಚಾಚಿ ಉಣ್ಣಲು ಜಾಗವಂತೂ ಧಾರಾಳವಾಗಿತ್ತು.

ನಮ್ಮ ಮೇಲಧಿಕಾರಿ ಮಿಸ್ ಹಾರ್ಗ್ರೀವ್ಸ್ ಒಂದು ದಿನ ಕರೆಸಿದರು. "ನೋಡಮ್ಮ, ನನಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೆ ಹುಡುಗರಿಗಿದೆಯಲ್ಲ! ನಿನ್ನ ಲಾರಿ ಹತ್ತಲ್ಲ ಅಂತ ಒಬ್ಬನೇ ಒಬ್ಬ ದೂರು ಕೊಟ್ರೂ ನಿನ್ನನ್ನ ಸ್ಕಾಟ್‌ಲೆಂಡಿನ ಯಾವುದಾದ್ರೂ ಅಡುಗೆಮನೆಗೆ ಹಾಕ್ಬೇಕಾಗುತ್ತೆ" ಎಂದರು. ಆಲೂಗಡ್ಡೆ ಸುಲಿಯಲು ನಾನು ವಾಯುಪಡೆ ಸೇರಲಿಲ್ಲ. ರಾತ್ರಿ ದೀಪ ಹಚ್ಚದೆ ಮೈದಾನದ ರಸ್ತೆಯಲ್ಲಿ ನನ್ನಷ್ಟು ಸಲೀಸಾಗಿ ಓಡಿಸುವವರು ಇಡೀ ನೆಲೆಯಲ್ಲಿ ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಜಂಬವಾದರೂ ನಿಜ.

ಕಳೆದ ಬುಧವಾರ ಪ್ಯಾಸ್ಕೋ ಎಂಬ ಆಸ್ಟ್ರೇಲಿಯಾದ ಪೈಲಟ್‌ನ ತಂಡ ನನ್ನ ಪಾಲಿಗೆ ಬಂತು. ಆರು ಜನ ಹತ್ತಿದರು. ಏಳನೆಯವನು ವಿಲ್ಫ್, ಬರ್ನ್‌ಲಿಯ ಬಟ್ಟೆ ಗಿರಣಿಯಲ್ಲಿದ್ದವನು, ಈಗ ವಿಮಾನದ ಬಾಲದಲ್ಲಿ ಕೂರುವ ಗನ್ನರ್. ನನ್ನ ಮುಖ ಕಂಡದ್ದೇ ಹಿಂದೆ ಸರಿದ.

"ನಾನು ನಡ್ಕೊಂಡ್ ಬರ್ತೀನಿ, ಕ್ಯಾಪ್ಟನ್."

"ಎರಡು ಮೈಲಿ ಕಣಯ್ಯ!" ಎಂದ ಪ್ಯಾಸ್ಕೋ.

"ಇರ್ಲಿ ಬಿಡಿ" ಎಂದವನೇ ಹೊರಟೇಬಿಟ್ಟ. ಬಾಲದ ಗನ್ನರ್‌ನ ಉಡುಪೆಂದರೆ ಮೈಗೆ ಹಾಸಿಗೆ ಸುತ್ತಿಕೊಂಡ ಹಾಗೆ. ಅವನು ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ವಿಮಾನ ತಡ, ತಡವಾದರೆ ಕಾರಣ ಕೇಳುತ್ತಾರೆ, ಕಾರಣ ನಾನು. ಸ್ಕಾಟ್‌ಲೆಂಡ್ ನನಗೆ ಅಲ್ಲಿಂದಲೇ ಕಾಣತೊಡಗಿತು.

ಲಾರಿಯನ್ನು ಮೊದಲ ಗೇರಿಗೆ ಹಾಕಿ ಅವನ ಪಕ್ಕದಲ್ಲೇ, ಅವನ ನಡಿಗೆಗೆ ಸರಿಯಾಗಿ ಬಿಟ್ಟೆ. ಹಿಂದೆ ಕೂತವರಿಗೆ ಹಬ್ಬ. "ಏ ವಿಲ್ಫ್, ಜರ್ಮನಿವರೆಗೂ ಹಿಂಗೇ ನಡೀತೀಯೇನೋ?" "ಸುಮ್ನಿರ್ರೋ, ಸಾಹೇಬ್ರು ಗಾಳಿ ತಗೊಳಕ್ಕೆ ಹೊರಟವ್ರೆ!" ಅವನು ತಿರುಗಿಯೂ ನೋಡಲಿಲ್ಲ. ನಾನೂ ನಗುತ್ತಿದ್ದೆ. ಅಷ್ಟರಲ್ಲಿ ಅವನ ಕತ್ತಿನಿಂದ ಇಳಿಯುತ್ತಿದ್ದ ಬೆವರು ಕಂಡಿತು, ನಗು ನಿಂತುಹೋಯಿತು.

ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ: "ನಿಲ್ಲೋ ಪೆದ್ದ! ಹಿಂಗೆ ಬೆವರ್ಕೊಂಡು ಮೇಲೆ ಹೋದ್ರೆ ಇಪ್ಪತ್ತು ಸಾವಿರ ಅಡೀಲಿ ಅದು ಮೈಮೇಲೇ ಮಂಜುಗಡ್ಡೆ ಆಗುತ್ತೆ. ಬೆರಳು ಮರಗಟ್ಟಿದ ಮೇಲೆ ಗನ್ನು ಯಾರು ಹಾರಿಸ್ತಾರೆ, ನಿಮ್ಮಜ್ಜೀನಾ? ನಿನ್ನ ಕೊಲ್ಲೋದು ನಾನಲ್ಲ, ನಿನ್ನ ಹಟ. ಜೊತೆಗೆ ಈ ಆರು ಜನಾನೂ!"

ನಿಂತ. ಅವನು ಬಂದು, ಬೈದುಕೊಂಡೇ ಮುಂದಿನ ಸೀಟಿಗೆ ಹತ್ತಿದ. ಬೆವರು ಒರೆಸಿಕೊಳ್ಳಲು ನನ್ನ ಟವೆಲ್ ಕೊಟ್ಟೆ.

ಆ ರಾತ್ರಿ ನಾನು ಮಲಗಲಿಲ್ಲ ಎಂದು ಬರೆಯುವ ಅಗತ್ಯವಿಲ್ಲ. ನಮ್ಮ ನೆಲೆಗೆ ಎರಡು ವಿಮಾನ ಬರಲಿಲ್ಲ. ಪ್ಯಾಸ್ಕೋನದು ಬಂತು. ವಿಲ್ಫ್ ಇಳಿದು ನೆಟ್ಟಗೆ ನನ್ನ ಲಾರಿಗೆ ಬಂದು, "ಇನ್ಮೇಲೆ ಇದು ನನ್ನ ಸೀಟು. ಬೇರೆಯವ್ರನ್ನ ಕೂರಿಸಿದ್ರೆ ಜಗಳ ಆಗುತ್ತೆ" ಎಂದ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನನ್ನ ಮೇಜಿಗೆ ಬಂದ. ಅವನ ಹಿಂದೆ ಉಳಿದ ಆರೂ ಜನ. ಇಡೀ ಕ್ಯಾಂಟೀನು ನೋಡಿತು. ಮಿಸ್ ಹಾರ್ಗ್ರೀವ್ಸ್ ಕೂಡ ನೋಡಿದರು, "ಸರಿ, ಆಲೂಗಡ್ಡೆಗೆ ಬೇರೆಯವ್ರನ್ನ ಹುಡುಕ್ತೀನಿ" ಎಂದರು.

ನೀನು ಬರೆದಿದ್ದೆ: ಅಪ್ಪನನ್ನು ಕೊಂದ ಬಾಂಬು ಹೊತ್ತು ಬಂದವನನ್ನೂ ಜರ್ಮನಿಯಲ್ಲಿ ಯಾವಳೋ ಹುಡುಗಿ ನಗುನಗುತ್ತಾ ಕಳಿಸಿಕೊಟ್ಟಿರಬೇಕು ಎಂದು. ಹೌದಮ್ಮ, ಕಳಿಸಿರಬೇಕು. ಬಾಂಬುಗಳು ನನ್ನ ಕಣ್ಣೆದುರೇ ಸಾಲಾಗಿ ಹೋಗುತ್ತವೆ. ಎಂಥವರ ಮನೆಗಳ ಮೇಲೆ ಬೀಳುತ್ತವೆ ಎಂದು ನನಗೆ ಗೊತ್ತು, ಸಂಕಟವಾಗುತ್ತದೆ. ಆದರೂ ಓಡಿಸುತ್ತೇನೆ. ಈ ಯುದ್ಧ ಬೇಗ ಮುಗಿಯಲು ನನಗೆ ಬೇರೆ ದಾರಿ ಕಾಣುತ್ತಿಲ್ಲ. ಬೈಯಬೇಕೆನಿಸಿದರೆ ಬೈದು ಬರೆ, ಬರೆಯದೆ ಮಾತ್ರ ಇರಬೇಡ.

ನಿನ್ನ ಮೊಂಡು ಮಗಳು,
ಎನಿಡ್

ಇನ್ನೊಂದು ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನೆ ವಿಲ್ಫ್ ನನ್ನನ್ನು ಸಿನಿಮಾಗೆ ಕರೆದ. ಅವನೆಂದರೆ ನನಗೆ ಇಷ್ಟ, ಸಿರಿಲ್‌ಗಿಂತ, ಡೆಸ್ಮಂಡ್‌ಗಿಂತ. ಮೂವತ್ತು ತುಂಬಲು ಅವನು ಇನ್ನು ನಾಲ್ಕು ಸಲ ಹೋಗುವುದಿದೆ. "ನಾಲ್ಕೂ ಮುಗಿಸ್ಕೊಂಡು ಬಂದು ಕೇಳು" ಎಂದೆ. ಅವನು ನಕ್ಕುಬಿಟ್ಟ. "ನಾನು ನಂಬೋದು ಬಿಟ್ಟೆ, ಈಗ ನೀನು ಶುರು ಮಾಡಿದ್ಯಾ?"

ಹೂಂ ಎಂದೆ, ಅಮ್ಮ.