ಮಂಗಳವಾರ ಕಳೆಯಲಿ

ಫೆಬ್ರವರಿ 9, 2005, ಬುಧವಾರ

ಚರ್ಚಿನ ಯೂತ್ ಕ್ಲಾಸ್ ಮುಗಿಯಿತು. ಎಂದಿನ ಟೇಪಿನ ಪಾಠ. ಒಂದು ತುಂಡು ಟೇಪನ್ನು ಒಬ್ಬನ ತೋಳಿಗೆ ಅಂಟಿಸಿ, ಕಿತ್ತು, ಇನ್ನೊಬ್ಬನಿಗೆ… ಕೊನೆಗೆ ಅಂಟುವುದೇ ಇಲ್ಲ. "ಮದುವೆಗೆ ಮುಂಚೆ ಕೆಟ್ಟವರ ಗತಿ ಇದೇ ಕಣ್ರೋ" ಅಂದೆ. ಎಲ್ಲರೂ ನಕ್ಕರು. ಕೋರಾ ನಗಲಿಲ್ಲ.

ಕುರ್ಚಿ ಮಡಚುವಾಗ ಬಂದಳು. ನಮ್ಮಲ್ಲಿ ಮೊದಲು, ಮದುವೆವರೆಗೆ ಕಾಯುವ ಪ್ರತಿಜ್ಞೆಯ ಉಂಗುರ ತೊಟ್ಟವಳು. "ವರ್ನಾ ಆಂಟಿ… ಹೋದ ಬೇಸಿಗೆ ಕ್ಯಾಂಪಲ್ಲಿ, ಟ್ರೆಂಟ್… ಬೇಡ ಬೇಡ ಅಂದೆ. ಕೇಳ್ಲಿಲ್ಲ."

ಟ್ರೆಂಟ್ ನನ್ನ ಕ್ಲಾಸಿನದೇ ಹುಡುಗ. ಅವನ ಬೆರಳಲ್ಲೂ ಅದೇ ಉಂಗುರ.

ನನ್ನ ಬಾಯಿಂದ ಬಂದದ್ದು — "ಇನ್ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ. ಅಮ್ಮಂಗೂ ಇಲ್ಲ."

"ಮಂಗಳವಾರ ಕಳೀಲಿ ಪುಟ್ಟಾ. ಆಮೇಲೆ ನೋಡೋಣ."

ಮಂಗಳವಾರ ಒಕ್ಲಹೋಮಾ ಸಿಟಿಯಲ್ಲಿ ಶಾಸಕರ ಸಮಿತಿ. ಶಾಲೆಗಳಲ್ಲಿ ಮದುವೆಯವರೆಗೆ ಕಾಯುವ ಪಾಠವನ್ನಷ್ಟೇ ಕಲಿಸಬೇಕೆಂಬ ಮಸೂದೆ. ಅಲ್ಲಿ ಮಾತಾಡಬೇಕಾದವಳು ಕೋರಾ. ನಾನೇ ಹೆಸರು ಕೊಟ್ಟಿದ್ದು. ಛೀ, ಎಂಥ ಹೆಂಗಸು ನಾನು.

ಫೆಬ್ರವರಿ 15, ಮಂಗಳವಾರ

ಮಾತಾಡಿದಳು. "ನಾನು ಕಾಯ್ತಾ ಇದೀನಿ. ನನ್ನ ಫ್ರೆಂಡ್ಸ್ ಕೂಡ ಕಾಯ್ಲಿ." ಧ್ವನಿ ಸ್ವಲ್ಪವೂ ನಡುಗಲಿಲ್ಲ. ನಾನು ಬರೆದುಕೊಟ್ಟ ಮಾತು, ಒಂದಕ್ಷರ ತಪ್ಪಿಸದೆ. ಮಸೂದೆ ಸಮಿತಿ ದಾಟಿತು. ಶಾಸಕ ಹಾಲೋವೇ ನನ್ನ ಕೈ ಕುಲುಕಿ, "ವರ್ನಾ, ಈ ಹುಡುಗೀನೇ ಗೆಲ್ಸಿದ್ದು ಕಣಮ್ಮಾ!" ಅಂದರು. ನಾನೂ ಹಲ್ಲು ಕಿರಿದೆ.

ವಾಪಸ್ ಬರುವಾಗ ಕಾರಿನಲ್ಲಿ —

"ಆಂಟಿ, ನಾನು ಹೇಳಿದ್ದು ಸುಳ್ಳಾ?"

ಅಲ್ಲ ಮಗಳೇ, ನಿನ್ನದೇನೂ ತಪ್ಪಿಲ್ಲ — ಅನ್ನಬೇಕಿತ್ತು. ಎಷ್ಟು ಸುಲಭದ ಮಾತು. "ಹಸಿವಾಗ್ತಿದೆಯಾ, ಬರ್ಗರ್ ತಿನ್ನೋಣ್ವಾ?" ಅಂದೆ. ಅವಳು ಕಿಟಕಿಯತ್ತ ತಿರುಗಿದಳು.

ಮಾರ್ಚ್ 6, ಭಾನುವಾರ

ಮೂರು ವಾರದಿಂದ ಕೋರಾ ಚರ್ಚಿಗಿಲ್ಲ. ಟ್ರೆಂಟ್ ಬಂದಿದ್ದ. ಕಾಣಿಕೆ ತಟ್ಟೆ ಹಿಡಿದು ನನ್ನ ಸಾಲಿಗೇ ಬಂದ. ತಟ್ಟೆ ಮುಟ್ಟಲಾಗಲಿಲ್ಲ. ಪ್ರಾರ್ಥನೆಗೆ ತಲೆ ಬಗ್ಗಿಸಿದೆ. ದೇವರಿಗೆ ಮುಖ ತೋರಿಸಲು ನಾಚಿಕೆ.

ಮಾರ್ಚ್ 8, ಸಂಜೆ

ಹಾಲೋವೇ ಫೋನ್. ಕೋರಾಳನ್ನು ಊರೂರಿನ ಹೈಸ್ಕೂಲಿಗೆ ಭಾಷಣಕ್ಕೆ ಕರೆದೊಯ್ಯಬೇಕಂತೆ, ಬೇಸಿಗೆವರೆಗೆ. "ಅವಳು ಬರಲ್ಲ" ಅಂದೆ. "ಒಪ್ಸಮ್ಮಾ, ನಿನ್ನ ಮಾತು ಕೇಳ್ತಾಳೆ." ಹೌದು. ಕೇಳುತ್ತಾಳೆ. ಅದೇ ನನ್ನ ಸಂಕಟ.

ಫೋನ್ ಇಟ್ಟು ನೇರ ಅವರ ಮನೆಗೆ ಹೋದೆ. ಅವಳ ಅಮ್ಮ ಲೆಟ್ಟಿ ಬಾಗಿಲಲ್ಲೇ ತಬ್ಬಿಕೊಂಡಳು. "ನೀನಿದ್ದಿದ್ದಕ್ಕೆ ನನ್ನ ಮಗಳು ಹಾಳಾಗ್ಲಿಲ್ಲ ವರ್ನಾ. ಈಗ್ಯಾಕೋ ಊಟಾನೇ ಬಿಟ್ಟಿದಾಳೆ. ನೀನಾದ್ರೂ ಕೇಳು."

ಹಿಂದೆ, ಅಡುಗೆಮನೆ ಬಾಗಿಲಲ್ಲಿ ಕೋರಾ. ಒಳಗೆ ಹೋಗಿ, ಮೊದಲು ಅವಳ ಮುಂದೆಯೇ ನಿಂತೆ. "ನಿಂದೇನೂ ತಪ್ಪಿಲ್ಲ ಪುಟ್ಟಾ. ತಪ್ಪು ಅವನದು, ಆಮೇಲೆ ನಂದು. ಅಮ್ಮಂಗೆ ಹೇಳ್ಲಾ?"

ಕೋರಾ ಕಣ್ಣೆತ್ತಿ ನೋಡಿದಳು. ಹೂಂ ಎಂದು ತಲೆಯಾಡಿಸಿದಳು.

"ಏನ್ ಹೇಳೋದು?" ಅಂದಳು ಲೆಟ್ಟಿ. ನಗುತ್ತಲೇ ಇದ್ದಳು.

ನಾನು ಅವಳನ್ನು ಕೂರಿಸಿ ಎಲ್ಲ ಹೇಳಿದೆ — ಟ್ರೆಂಟ್ ಮಾಡಿದ್ದು, ನಾನು ಮುಚ್ಚಿಟ್ಟಿದ್ದು.