ಪಕ್ಕಕ್ಕೆ ತಿರುಗಿದ ಮೋರೆ

ಬೆಂಗಳೂರು ದಂಡು, ೧೯೪೬

ಅಪ್ಪಾ,

ನೀನು ತೀರಿಕೊಂಡು ಮೂರು ವರ್ಷವಾಯಿತು. ನಾನೀಗ ಕಣ್ಣಾಸ್ಪತ್ರೆಯಲ್ಲಿ ಚಿತ್ರ ಬರೆಯುವ ಕೆಲಸಕ್ಕಿದ್ದೇನೆ. ವಯಸ್ಸಾದಂತೆ ಕಣ್ಣು ಹೇಗೆ ಬದಲಾಗುತ್ತದೆಂದು ತಿಳಿಯಲು ಡಾಕ್ಟರು ಮುದುಕರ ಕಣ್ಣಿನೊಳಕ್ಕೆ ದೀಪ ಹಿಡಿಯುತ್ತಾರೆ. ಒಳಗೆ ಕಂಡದ್ದನ್ನು ನಾನು ಬಣ್ಣದಲ್ಲಿ ಬರೆದಿಡುತ್ತೇನೆ.

ಇವತ್ತು ರಸೆಲ್ ಮಾರ್ಕೆಟ್ ಹತ್ತಿರದ ದರ್ಜಿ ಜಿಯಾವುಲ್ಲಾ ಸಾಹೇಬರು ಬಂದಿದ್ದರು. ಅವರ ಕಣ್ಣಿನ ಹಿಂಬದಿಯ ನಟ್ಟನಡುವೆ ಹಳದಿ ಚುಕ್ಕೆಗಳಿದ್ದವು. ನನ್ನೊಡನೆ ಮಾತಾಡುವಾಗ ಮೋರೆಯನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಯಾಕೆಂದು ಸ್ವಲ್ಪ ಒರಟಾಗಿಯೇ ಕೇಳಿದೆ.

"ನೆಟ್ಟಗೆ ನೋಡಿದ್ರೆ ನಿನ್ ಮುಖಾನೇ ಕಾಣಲ್ಲ ಬೇಟಾ. ಓರೆಯಾಗಿ ನೋಡಿದ್ರೆ ವಸಿ ಕಾಣ್ತೀಯ," ಅಂದರು.

ಬ್ರಷ್ಷು ಕೆಳಗಿಟ್ಟೆ.

"ಮಗನ ಮುಖ ನೋಡಕ್ಕೂ ಇಷ್ಟ ಇಲ್ವಾ ನಿಂಗೆ?" ಎಂದು ಕೂಗಿ ಹಲಸೂರಿನ ಮನೆ ಬಿಟ್ಟೆನಲ್ಲ, ಆ ದಿನ ನಾನು ಹೊಸಿಲು ದಾಟುವವರೆಗೂ ನೀನು ಪಕ್ಕದ ಗೋಡೆಯ ಕಡೆಗೇ ತಿರುಗಿದ್ದೆ.